ದೊಡ್ಡಗಾಜನೂರಿನ ಗಾಲಿಗಾರ್ತಿ

ದೊಡ್ಡಗಾಜನೂರಿನಲ್ಲಿ ಪದ್ಮಶ್ರೀಯನ್ನು ಹೆಸರು ಹಿಡಿದು ಕರೆಯುವವರು ಬರಬರುತ್ತಾ ಕಡಿಮೆಯಾಗಿ ಹೋಗಿದ್ದರು. ಗುರುತು ಹೇಳಬೇಕಾದಾಗ "ಪುಟ್ಟಬಸಮ್ಮನ ಮನೇಲಿ ಕುಂತಿರ ಎಣ್ಣು" ಅನ್ನುತ್ತಿದ್ದರು. ಮರುಕ ಹೆಚ್ಚಾದವರು "ಪಾಪದ್ದು" ಅಂದು ಮುಗಿಸುತ್ತಿದ್ದರು. ಊರು ತಮಿಳುನಾಡಿಗೆ ಸೇರಿದ್ದರಿಂದ ತಾಳವಾಡಿಯ ಕಚೇರಿಗೆ ಹೋದರೆ ಅಲ್ಲಿ ತಮಿಳಿನಲ್ಲಿ 'ಮಾಟ್ರುತ್ತಿರನಾಳಿ', ಅಂದರೆ ಬೇರೆ ಬಗೆಯ ಸಾಮರ್ಥ್ಯ ಉಳ್ಳವಳು. ಗಡಿ ದಾಟಿ ಚಾಮರಾಜನಗರದ ಆಸ್ಪತ್ರೆಗೆ ಹೋದರೆ ಕನ್ನಡದಲ್ಲಿ ವಿಕಲಚೇತನೆ. ಎರಡು ರಾಜ್ಯ, ಎರಡು ಭಾಷೆ, ಇಷ್ಟೊಂದು ಹೆಸರು. ಒಂದರಲ್ಲೂ ಅವಳು ಏನಾದರೂ ಮಾಡುತ್ತಾಳೆ ಅನ್ನುವ ಸುಳಿವಿರಲಿಲ್ಲ.

ಅವಳು ಬಿದ್ದದ್ದು ಹನ್ನೆರಡನೇ ಕ್ಲಾಸು ಮುಗಿಸಿದ ವರ್ಷ. ಕಾಡಂಚಿಗೆ, ತಿಗನಾರೆ ಕಡೆ, ಅವರದೊಂದು ರಾಗಿ ಹೊಲವಿತ್ತು. ಹಂದಿ, ಆನೆ ನುಗ್ಗದ ಹಾಗೆ ತಮ್ಮ ವೃಷಭೇಂದ್ರ ಮರದ ಮೇಲಿನ ಅಟ್ಟಣೆಯಲ್ಲಿ ಕಾವಲು ಕೂರುತ್ತಿದ್ದ. ಒಂದು ಸಂಜೆ ಅವನಿಗೆ ಬುತ್ತಿ ಕೊಡಲು ಇವಳು ಹೋದಳು. ಕೆಳಗೆ ನಿಂತೇ ಕೊಟ್ಟು ಬರಬಹುದಿತ್ತು. ಆದರೆ ಮೇಲಿಂದ ಬೆಟ್ಟದ ಸಾಲು ಹೇಗೆ ಕಾಣುತ್ತದೋ ನೋಡೋಣವೆಂದು ಹತ್ತಿದಳು. ಕಾಲಿಟ್ಟ ಬಿದಿರಿನ ಗಳ ಒಳಗೇ ಗೆದ್ದಲು ತಿಂದು ಟೊಳ್ಳಾಗಿತ್ತು. ಮುರಿಯಿತು. ಬೆನ್ನುಹುರಿಗೆ ಏಟಾಯಿತು. ಸೊಂಟದಿಂದ ಕೆಳಗೆ ಮೈ ಅವಳ ಮಾತು ಕೇಳುವುದನ್ನು ಬಿಟ್ಟಿತು.

ಅಂದಿನಿಂದ ವೃಷಭೇಂದ್ರ ಅಕ್ಕನ ನೆರಳಾದ. ತನಗೆ ಊಟ ತಂದು ಅವಳು ಬಿದ್ದಳಲ್ಲ ಅನ್ನುವುದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಎತ್ತುವವನು ಅವನೇ, ತಳ್ಳುವವನು ಅವನೇ. ಮದುವೆ, ನಾಮಕರಣ ಎಲ್ಲಿಗಾದರೂ ಅವನು ಗಾಲಿಕುರ್ಚಿಯ ಹಿಡಿ ಹಿಡಿದು ಕರೆದುಕೊಂಡು ಹೋಗುತ್ತಿದ್ದ. ಹೋದಲ್ಲಿ ನೆಂಟರು ಯಾರಾದರೂ ಅದೇ ಹಿಡಿ ಹಿಡಿದು ಅವಳನ್ನು ದಾರಿಗೆ ಅಡ್ಡವಾಗದ ಕಡೆ ನಿಲ್ಲಿಸುತ್ತಿದ್ದರು. ಒಂದು ಮದುವೆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹೋದವರು ಮರೆತೇಬಿಟ್ಟರು. ಧಾರೆಯ ವಾಲಗ ಕಿವಿಗೆ ಬೀಳುತ್ತಿತ್ತು, ಕಣ್ಣಿಗೆ ಸುಣ್ಣದ ಗೋಡೆ. ತಾನೇ ಗಾಲಿ ತಿರುಗಿಸಲು ಹೋದರೆ ಅವ್ವ ಪುಟ್ಟಬಸಮ್ಮ ಓಡಿ ಬಂದು "ಕೈ ನೋಯ್ತದ ಬುಡು ಮಗ, ನಾವಿಲ್ವಾ?" ಅನ್ನುತ್ತಿದ್ದಳು. ಆ ಪ್ರೀತಿಗೆ ಎದುರಾಡುವುದು ಹೇಗೆಂದು ಪದ್ಮಶ್ರೀಗೆ ತಿಳಿಯುತ್ತಿರಲಿಲ್ಲ. ಹಾಗೆ ವರ್ಷಗಳು ಕಳೆದವು. ಅವಳಿಗೆ ಮೂವತ್ತು ದಾಟಿತು.

ಆ ಹೊತ್ತಿಗೆ ಚಿಕ್ಕಪ್ಪನ ಮಗಳು ದಿವ್ಯ ಕೊಯಮತ್ತೂರಿನ ನರ್ಸ್ ಕೆಲಸ ಬಿಟ್ಟು ಊರಿಗೆ ಬಂದಳು. ಜರ್ಮನಿಯಲ್ಲಿ ನರ್ಸುಗಳು ಬೇಕಂತೆ, ಮೊದಲು ಅವರ ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕಂತೆ. ಫೋನಿನಲ್ಲಿ ದಿನಾ ಸಂಜೆ ಕ್ಲಾಸು. ಅವಳ ಮನೆಯಲ್ಲಿ ಸಿಗ್ನಲ್ ಸಿಗದು. ಪುಟ್ಟಬಸಮ್ಮನ ಜಗಲಿಯಲ್ಲಿ ಚೆನ್ನಾಗಿ ಸಿಗುತ್ತದೆ. ಹೀಗಾಗಿ ಜರ್ಮನ್ ಭಾಷೆ ಪದ್ಮಶ್ರೀ ಇದ್ದಲ್ಲಿಗೇ ಬಂತು.

ಪಾಠ ಒಪ್ಪಿಸಿಕೊಳ್ಳುವ ಕೆಲಸ ಅವಳದಾಯಿತು. ಪದಗಳ ಹಾಳೆ ಹಿಡಿದು ಇವಳು ಅರ್ಥ ಹೇಳುವುದು, ದಿವ್ಯ ಜರ್ಮನ್ ಪದ ಹೇಳುವುದು. ಕೆಲವೇ ವಾರಗಳಲ್ಲಿ ಪದಗಳು ಇವಳ ಬಾಯಿಗೂ ಬಂದವು. ಒಂದು ದಿನ ಆಸ್ಪತ್ರೆಗೆ ಸಂಬಂಧಿಸಿದ ಪದಗಳ ಹಾಳೆ. ಅರ್ಧಕ್ಕೆ ಬಂದಾಗ ಪದ್ಮಶ್ರೀಯ ಬೆರಳು ಒಂದು ಉದ್ದದ ಪದದ ಮೇಲೆ ನಿಂತಿತು.

"ಇದ ಎಂಗ್ ಓದದು?"

"ರೊಲ್‌ಶ್ಟೂಲ್‌ಫಾರರ್," ಅಂದಳು ದಿವ್ಯ. ಆಮೇಲೆ ಸ್ವಲ್ಪ ಅಳುಕಿ, "ಅಂದ್ರ... ನಿನ್ ತರದವ್ರು, ಅಕ್ಕ. ಗಾಲಿಕುರ್ಚಿಯವ್ರು."

"ಕುರ್ಚಿ ಎಲ್ಲದ ಇದ್ರಲ್ಲಿ?"

"ಶ್ಟೂಲ್ ಅಂದ್ರ ಕುರ್ಚಿ. ರೊಲ್‌ಶ್ಟೂಲ್ ಗಾಲಿಕುರ್ಚಿ."

"ಫಾರರ್?"

ದಿವ್ಯ ಹಳೆಯ ಹಾಳೆಗಳನ್ನು ತಿರುವಿದಳು. ಹಿಂದಿನ ವಾರವಷ್ಟೇ ಅವಳು ಬುಸ್‌ಫಾರರ್ ಅನ್ನುವುದನ್ನು ಉರು ಹೊಡೆದಿದ್ದಳು. ಬಸ್ಸು ಓಡಿಸುವವನು. ಆಟೋ ಅಂದರೆ ಅಲ್ಲಿ ಕಾರು. ಆಟೋಫಾರರ್ ಕಾರು ಓಡಿಸುವವನು. "ಓಡ್ಸವ್ನು," ಅಂದಳು ಮೆಲ್ಲಗೆ. "ಡ್ರೈವರ್ರು."

ಪದ್ಮಶ್ರೀ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಪದವನ್ನು ಅಕ್ಷರ ಕೂಡಿಸಿ ಮತ್ತೆ ಓದಿದಳು. ಕೂತವನು ಅಲ್ಲ, ಬಿದ್ದವನು ಅಲ್ಲ, ಪಾಪದವನು ಅಲ್ಲ. ಬಸ್ಸಿನವನಿಗೂ ಕಾರಿನವನಿಗೂ ಯಾವ ಮಾತೋ ಗಾಲಿಕುರ್ಚಿಯವನಿಗೂ ಅದೇ ಮಾತು. ಯಾವುದೋ ದೇಶದ ಜನ, ಇವಳನ್ನು ಕಂಡಿಲ್ಲ ಕೇಳಿಲ್ಲ, ಇವಳ ಕೈಗೆ ಸ್ಟೀರಿಂಗ್ ಕೊಟ್ಟಿದ್ದರು.

ಕ್ಲಾಸಿನ ಟೀಚರು ಮೇಘ. ಕೊಯಮತ್ತೂರಿನ ಕನ್ನಡ ಮನೆಯವಳು, ಕೆಲವು ವರ್ಷ ಜರ್ಮನಿಯಲ್ಲಿದ್ದು ಬಂದವಳು, ಸದಾ ಗಡಿಬಿಡಿ, ಸದಾ ನಗು. ಆ ಸಂಜೆ ಹೊಸ ಪದಗಳಿಗೆ ಒಬ್ಬೊಬ್ಬರೂ ಒಂದೊಂದು ವಾಕ್ಯ ಮಾಡಿ ಅಂದಳು. ರೊಲ್‌ಶ್ಟೂಲ್‌ಫಾರರ್ ಬಂದಾಗ ಒಬ್ಬ ಹುಡುಗಿ 'ನಾನು ಗಾಲಿಕುರ್ಚಿಯವನನ್ನು ತಳ್ಳುತ್ತೇನೆ' ಅಂದಳು. ಇನ್ನೊಬ್ಬಳು 'ಎತ್ತುತ್ತೇನೆ' ಅಂದಳು. ಮತ್ತೊಬ್ಬಳು ಊಟ ಮಾಡಿಸಿದಳು. ಎಲ್ಲರೂ ಒಳ್ಳೆಯ ಹುಡುಗಿಯರೇ. ವ್ಯಾಕರಣವೂ ಸರಿಯಿತ್ತು. ಫೋನಿಗೆ ಕಾಣದಂತೆ ಬದಿಯಲ್ಲಿದ್ದ ಪದ್ಮಶ್ರೀಗೆ ಮಾತ್ರ ಸಹಿಸಲಾಗಲಿಲ್ಲ.

"ಡೀ ರೊಲ್‌ಶ್ಟೂಲ್‌ಫಾರರಿನ್ ಫಾರ್ಟ್ ಅಲೈನ್ ನಾಖ್ ತಾಳವಾಡಿ!" ಅಂದಳು ಗಟ್ಟಿಯಾಗಿ.

ಗಾಲಿಕುರ್ಚಿ ಓಡಿಸುವವಳು ಒಬ್ಬಳೇ ತಾಳವಾಡಿಗೆ ಹೋಗುತ್ತಾಳೆ. ದಿವ್ಯ ಹೆದರಿ ಫೋನನ್ನು ಎದೆಗೆ ಒತ್ತಿಕೊಂಡಳು. ಒಳಗಿನಿಂದ ಮೇಘಳ ದನಿ: "ಯಾರದು? ಯಾರು ಹೇಳಿದ್ದು? ಫಾರ್ಟ್ ಅಲ್ಲಮ್ಮ, ಫೇರ್ಟ್! ಅವಳು ಅಂದಾಗ ಸ್ವರ ಬದಲಾಗುತ್ತೆ. ಆದರೆ 'ಇನ್' ಸೇರಿಸಿ ಹೆಣ್ಣು ಮಾಡಿದೆಯಲ್ಲ, ಅದು ಸರಿ. ಮುಖ ತೋರಿಸು."

ದಿವ್ಯ ಫೋನು ತಿರುಗಿಸಿದಳು. ಮೇಘ ಗಾಲಿಕುರ್ಚಿಯನ್ನು ನೋಡಿದಳು. ಪಾಪ ಅನ್ನಲಿಲ್ಲ. "ಓಹೋ," ಅಂದಳು, "ಹಾಗಾದರೆ ಇದು ನಿನ್ನದೇ ವಾಕ್ಯ. ತಾಳವಾಡಿ ಎಷ್ಟು ದೂರ? ಹೋಗಿ ಬಂದಿದ್ದೀಯಾ?"

ಪದ್ಮಶ್ರೀಗೆ ಸುಳ್ಳು ಹೇಳಲು ಆಗಲಿಲ್ಲ. "ಇಲ್ಲ ಮೇಡಂ. ತಮ್ಮ ತಳ್ಕಂಡ್ ಓಯ್ತನೆ."

"ಸರಿ, ವ್ಯಾಕರಣಕ್ಕೆ ನಿಜ ಸುಳ್ಳು ಗೊತ್ತಿಲ್ಲ," ಅಂದು ಮೇಘ ಮುಂದಿನ ಪದಕ್ಕೆ ಹೋದಳು. ಹೋಗುವ ಮುನ್ನ ಎರಡು ಮಾತು ಹೇಳಿದಳು. ಜರ್ಮನ್‌ನಲ್ಲಿ ಎರಡು ಮೂರು ಪದ ಕೂಡಿ ಒಂದಾದಾಗ ಕೊನೆಯದೇ ಯಜಮಾನ. ಲಿಂಗ, ವಚನ ಎಲ್ಲ ಅದು ಹೇಳಿದ ಹಾಗೆ. ಅದಕ್ಕಿಂತ ಮೊದಲು ಬರುವುದು ಬರೀ ವಿವರ. ಎರಡನೆಯದು: 'ಅವಳು ಟೀಚರು', 'ಅವಳು ನರ್ಸು' ಅನ್ನುವಾಗ ಹೇಗೆ 'ಒಬ್ಬಳು' ಅನ್ನುವ ಪದ ಹಾಕುವುದಿಲ್ಲವೋ ಹಾಗೆಯೇ 'ಜೀ ಇಸ್ಟ್ ರೊಲ್‌ಶ್ಟೂಲ್‌ಫಾರರಿನ್' ಎಂದಷ್ಟೇ ಸಾಕು.

ಆ ಎರಡು ಮಾತು ಪದ್ಮಶ್ರೀಯ ತಲೆಯಲ್ಲಿ ಕೂತವು. ಕುರ್ಚಿ ಬರೀ ವಿವರ. ಯಜಮಾನಿ ಓಡಿಸುವವಳು. ಮತ್ತೆ ಅದನ್ನು ಹೇಳುವುದು ನರ್ಸು, ಟೀಚರು ಅಂದ ಹಾಗೆ, ಒಂದು ಕಸುಬು ಹೇಳಿದ ಹಾಗೆ. ಕಸುಬಾದರೆ ಕಲಿಯಬೇಕು.

ಮರುದಿನದಿಂದ ಅವಳು ಮನೆ ಹಿಂದಿನ ಕಣದಲ್ಲಿ ಗಾಲಿ ತಿರುಗಿಸತೊಡಗಿದಳು. ಅಂಗೈ ಬೊಕ್ಕೆ ಎದ್ದು ಒಡೆದು ಉರಿಯಿತು. ಹಳೆಯ ಲುಂಗಿ ಹರಿದು ಸುತ್ತಿಕೊಂಡಳು. ಉಬ್ಬಿನಲ್ಲಿ ಕುರ್ಚಿ ಹಿಂದಕ್ಕೆ ಜಾರಿತು, ಇಳಿಜಾರಿನಲ್ಲಿ ಓಡಿ ಹುಲ್ಲುಮೆದೆಗೆ ಗುದ್ದಿತು. ಪುಟ್ಟಬಸಮ್ಮ ಅತ್ತಳು, ಬೈದಳು, ದಿವ್ಯಳಿಗೆ ಶಾಪ ಹಾಕಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಬೇರೆ. ಇವಳು ಉಸಿರು ಕಟ್ಟಿ ಉಬ್ಬು ಏರುತ್ತಿದ್ದರೆ ಹಿಂದಿನಿಂದ ಯಾರಾದರೂ ಬಂದು ಹಿಡಿ ಹಿಡಿದು ಒಂದೇ ಸಲಕ್ಕೆ ನೂಕಿಬಿಡುತ್ತಿದ್ದರು. ಹಾಲು ಹಾಕಿ ಬರುವವರು, ಕೂಲಿಗೆ ಹೋಗುವವರು, ಯಾರೆಂದರೆ ಅವರು. ಬೇಡವೆಂದರೂ ಕೇಳುತ್ತಿರಲಿಲ್ಲ. ಬೇಡವೆನ್ನುವುದನ್ನು ಅವರು ಸಂಕೋಚ ಅಂದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವಳು ಊರ ಬಾಗಿಲಲ್ಲಿದ್ದ ಮಣಿಯ ವೆಲ್ಡಿಂಗ್ ಅಂಗಡಿ ಮುಂದೆ ಹೋಗಿ ನಿಂತಳು.

"ಮಣಿಯಣ್ಣ, ಹಿಂದ್ಗಡೆ ಎರಡು ಇಡಿ ಅವಲ್ಲ, ಅದ ಕುಯ್ದ್ ಬುಡು."

ಮಣಿ ಕಣ್ಣಿನ ಕನ್ನಡಕ ಹಣೆಗೇರಿಸಿದ. "ಸಡ್ಲ ಆಗದಾ? ಬಿಗಿ ಮಾಡ್ಕೊಡ್ತಿನಿ ತಕ."

"ಬಿಗಿ ಅಲ್ಲ. ಕುಯ್ಯಿ."

"ಕುಯ್ದ್ಬುಟ್ರ ತಳ್ಳರು ಎಲ್ಲಿ ಇಡ್ಕತರವ್ವ?"

"ಅದ್ಕೇ ಕುಯ್ಯಿ ಅಂತಿರದು."

ಮಣಿ ಅತ್ತಿತ್ತ ನೋಡಿದ. "ನಿನ್ ತಮ್ಮ ಬಂದ್ ನನ್ ಕುತ್ಗ ಇಡ್ಕಂಡ್ರ?"

"ಕುರ್ಚಿ ನಂದು. ಬಂದ್ರ ನನ್ ತಾವ್ಕ ಕಳ್ಸು."

ಮಣಿ ಇನ್ನೂ ಒಂದು ಗಳಿಗೆ ತಲೆ ಕೆರೆದುಕೊಂಡ. ಆಮೇಲೆ ಕಟ್ಟಿಂಗ್ ಮಿಷನ್ ಎತ್ತಿಕೊಂಡ. ಕಿಡಿ ಹಾರಿದವು. ಕೊಯ್ದ ಬಾಯಿ ಕೈಗೆ ತಾಗಿ ಗಾಯವಾಗಬಾರದೆಂದು ಉಜ್ಜಿ, ತಗಡು ಮುಚ್ಚಿ, ಬಣ್ಣ ಬಳಿದುಕೊಟ್ಟ.

ವೃಷಭೇಂದ್ರ ಹೊಲದಿಂದ ಬಂದವನು ಕುರ್ಚಿಯ ಬೆನ್ನು ನೋಡಿ ಅಲ್ಲೇ ಕುಸಿದು ಕೂತ. ಕೂಗಾಡುತ್ತಾನೆಂದು ಅವಳು ತಯಾರಾಗಿದ್ದಳು. ಅವನು ಕೂಗಾಡಲಿಲ್ಲ. ಅದೇ ಹೆಚ್ಚು ನೋವಾಯಿತು.

"ನನ್ ಮೇಲ ಕ್ವಾಪವಾ ಅಕ್ಕ?"

"ನಿನ್ ಮೇಲ ಯಾಕ ಕ್ವಾಪ?"

"ನಂಗ ಬುತ್ತಿ ತಂದು ತಾನೆ ನೀ ಬಿದ್ದದ್ದು. ನಿನ್ನ ತಳ್ಳದೊಂದಾದ್ರೂ ಇತ್ತು ನಂಗ."

ಪದ್ಮಶ್ರೀ ಗಾಲಿ ತಿರುಗಿಸಿ ಅವನ ಎದುರು ಬಂದಳು. "ಲೋ ವೃಷಬ, ಬುತ್ತಿ ಕೆಳ್ಗ ನಿಂತೇ ಕೊಡ್ಬೌದಿತ್ತು. ಬೆಟ್ಟ ನೋಡ್ಬೇಕು ಅಂತ ಅತ್ದವಳು ನಾನು. ನಂಗ ಅತ್ಬೇಕು ಅನ್ಸ್ತು, ಅತ್ದಿ. ಅದ್ನೂ ನೀ ಕಿತ್ಕಬ್ಯಾಡ. ನೀ ತಳ್ತಾ ಇದ್ರ ನಾ ಸಾಯಗಂಟ ಬಿದ್ದವಳೇ ಕಣ್ಲಾ. ನಾ ಓಗ್ಬೇಕು."

ಅವನು ಎದ್ದು ಹೊಲದ ಕಡೆ ಹೊರಟುಹೋದ. ನಾಲ್ಕು ದಿನ ಸರಿಯಾಗಿ ಮಾತೂ ಆಡಲಿಲ್ಲ. ಅವಳು ಸಮಾಧಾನ ಮಾಡಲು ಹೋಗಲಿಲ್ಲ. ತನ್ನ ದಾರಿಯ ಉಬ್ಬು ತಗ್ಗುಗಳೇ ಅವಳಿಗೆ ಸಾಕಷ್ಟಿದ್ದವು.

ತಾಳವಾಡಿಗೆ ಹೊರಟದ್ದು ಒಂದು ಭಾನುವಾರ. ದಾರಿ ದೊಡ್ಡ ದೂರವೇನಲ್ಲ. ಊರಿನವರು ಎತ್ತಿನ ಹಿಂದೆ ಮಾತಾಡುತ್ತಾ ನಡೆದುಬಿಡುತ್ತಾರೆ. ಕೈಯಲ್ಲಿ ನಡೆಯುವವಳಿಗೆ ಮಾತ್ರ ಅದು ಬೇರೆಯದೇ ದಾರಿ. ಟಾರು ಕಿತ್ತ ಕಡೆಯೆಲ್ಲ ಜಲ್ಲಿ, ಜಲ್ಲಿಯ ಪಕ್ಕ ಮಳೆ ನೀರಿನ ಕೊಚ್ಚೆ. ಎದುರಿಗೆ ಬಂದವರೆಲ್ಲ ನಿಂತರು. "ಯಾರೂ ಬರ್ನಿಲ್ವಾ ಜೊತ್ಗ?" "ಮನೇಲಿ ಜಗಳವಾ?" "ಆಸ್ಪತ್ರೆಗಾ?" ಪದ್ಮಶ್ರೀ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಟೀ ಕುಡಿಯಕ್ಕ." ಅದು ಯಾರಿಗೂ ಅರ್ಥವಾಗಲಿಲ್ಲ. ಅವಳಂಥವಳು ಪೇಟೆಗೆ ಹೋಗುವುದು ಸರ್ಟಿಫಿಕೇಟಿಗೆ, ಮಾತ್ರೆಗೆ. ಟೀ ಕುಡಿಯಲು ಯಾರಾದರೂ ಇಷ್ಟು ಬೆವರುತ್ತಾರೆಯೇ?

ಹಿಂದಿನಿಂದ ಬಂದ ಒಬ್ಬ ಗೌಡರು ಅಭ್ಯಾಸದಂತೆ ಹಿಡಿಗೆ ಕೈ ಹಾಕಿದರು. ಕೈಗೆ ಗಾಳಿ ಸಿಕ್ಕಿತು. ಮುಗ್ಗರಿಸಿ ಸಾವರಿಸಿಕೊಂಡು, "ಇದೇನವ್ವ, ಇಡಿನೇ ಇಲ್ಲ?" ಅಂದರು.

"ಇಲ್ಲ ಗೌಡ್ರೆ. ಬಸ್ ಡ್ರೈವರ್‌ಗ ಇಂದ್ಗಡಿಂದ ಯಾರಾದ್ರೂ ಇಡಿ ಆಕ್ತರಾ?"

ಕೊಚ್ಚೆಯ ಹತ್ತಿರ ಮುಂದಿನ ಚಿಕ್ಕ ಗಾಲಿ ಹೂತುಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಅಷ್ಟು ಹೊತ್ತಿನ ಹಟ ಒಂದು ಗಳಿಗೆ ಕಣ್ಣೀರಾಗಿ ಬಂತು. ಮೆಣಸಿನ ತೋಟಕ್ಕೆ ಹೋಗುತ್ತಿದ್ದ ಇಬ್ಬರು ಹೆಂಗಸರು ದೂರದಲ್ಲೇ ನಿಂತು ನೋಡಿದರು. ಗೌಡರಿಗೆ ಅವಳು ಕೊಟ್ಟ ಉತ್ತರ ಕೇಳಿ ಹತ್ತಿರ ಬರಲು ಹೆದರಿದ್ದರು. ಪದ್ಮಶ್ರೀ ಮೂಗು ಒರೆಸಿಕೊಂಡು ಕರೆದಳು: "ಅಕ್ಕ, ಬನ್ನಿ. ಇಲ್ಲಿ, ಕಾಲ್ ಇಡ ಕಂಬಿ ಅದಲ್ಲ, ಇದ ಇಡ್ದು ಮೇಲ್ಕೆತ್ತಿ. ತಳ್ಳಬ್ಯಾಡಿ. ಅಷ್ಟೇಯ." ಅವರು ಹೇಳಿದಷ್ಟೇ ಮಾಡಿದರು. ಗಾಲಿ ಮೇಲೆ ಬಂತು. ಅವಳು ಕೈಮುಗಿದು ಮುಂದೆ ಹೊರಟಳು. ಸಹಾಯ ಕೇಳಿ ಪಡೆದದ್ದು ಅವಳಿಗೆ ಸೋಲು ಅನ್ನಿಸಲಿಲ್ಲ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಹೇಳಿದವಳು ಅವಳೇ ತಾನೆ.

ತಾಳವಾಡಿಯ ಬಸ್ ನಿಲ್ದಾಣದ ಬಳಿ ಟೀ ಅಂಗಡಿಗೆ ಎತ್ತರದ ಮೆಟ್ಟಿಲು. ಅಂಗಡಿಯವನು ಲೋಟವನ್ನು ಹೊರಗೆ ತಂದುಕೊಟ್ಟ. ಬೊಕ್ಕೆ ಒಡೆದ ಅಂಗೈಯಲ್ಲಿ ಲೋಟ ನಿಲ್ಲದೆ ಅರ್ಧ ಟೀ ಸೀರೆಗೇ ಚೆಲ್ಲಿತು. ಉಳಿದರ್ಧ ಕುಡಿದು ಅವಳು ಮೇಘಳಿಗೆ ಫೋನು ಮಾಡಿ, ಏದುಸಿರು ಬಿಡುತ್ತಲೇ ಜರ್ಮನ್‌ನಲ್ಲಿ ಹೇಳಿದಳು: "ಇಖ್ ಬಿನ್ ಅಲೈನ್ ನಾಖ್ ತಾಳವಾಡಿ ಗೆಫಾರನ್." ನಾನು ಒಬ್ಬಳೇ ತಾಳವಾಡಿಗೆ ಬಂದೆ. ಆ ಕಡೆಯಿಂದ ಮೇಘ ಕಿರುಚಿದ ಕಿರುಚಿಗೆ ಟೀ ಅಂಗಡಿಯವನೂ ತಿರುಗಿ ನೋಡಿದ.

ಆಗಲೇ ಎದುರು ಬದಿಯಲ್ಲಿ ಬೈಕಿಗೆ ಒರಗಿ ನಿಂತ ವೃಷಭೇಂದ್ರ ಅವಳ ಕಣ್ಣಿಗೆ ಬಿದ್ದ. ದಾರಿಯುದ್ದಕ್ಕೂ ದೂರದಲ್ಲೇ ಹಿಂಬಾಲಿಸಿ ಬಂದಿದ್ದ. ಗಾಲಿ ಹೂತಾಗಲೂ ನಿಂತು ನೋಡಿದ್ದ, ಮುಂದೆ ಬಂದಿರಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವಾಗಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಬಾ, ಟೀ ಕುಡಿ," ಅಂದಳು ಅವಳು. ಅವನು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತ. "ವಾಪಸ್ ಓಗದು ಎಂಗೆ?" ಅಂತ ಕೇಳಿದ. "ನನ್ ಕೈ ಸತ್ತೋಗದ," ಅಂದಳು ಪದ್ಮಶ್ರೀ ನಗುತ್ತಾ, "ಗೂಡ್ಸ್ ಆಟೋ ಕರಿ. ಅತ್ಸುವಾಗ ನಾ ಏಳ್ದಂಗ ಇಡಿ."

ಊರಲ್ಲಿ ಮಾತು ಹಲವು ಬಗೆಯಾಯಿತು. ಕೆಲವರು ಭೇಷ್ ಅಂದರು. ಕೆಲವರು ಹೆಣ್ಣಿಗೆ ಸೊಕ್ಕು ಅಂದರು. ಏನೆಂದು ಕರೆಯಬೇಕು ಅನ್ನುವ ಪ್ರಶ್ನೆಯೂ ಬಂತು, ಏಕೆಂದರೆ 'ಕುಂತಿರ ಎಣ್ಣು' ಅಂದರೆ ಅವಳು ಈಗ ನಡುಬೀದಿಯಲ್ಲೇ ನಿಲ್ಲಿಸಿ ಜಗಳಕ್ಕೆ ಬರುತ್ತಿದ್ದಳು. ಜರ್ಮನ್ ಪದ ಊರಿನ ನಾಲಿಗೆಗೆ ಹತ್ತುವಂಥದ್ದಲ್ಲ. ಜಗಲಿಯಲ್ಲಿ ಅವಳೂ ದಿವ್ಯಳೂ ಪದ ಹುಡುಕಿದರು. ಹಾಡುವವನು ಹಾಡುಗಾರ, ಹಾಡುವವಳು ಹಾಡುಗಾರ್ತಿ. ಹಾಗಾದರೆ ಗಾಲಿ ಓಡಿಸುವವನು ಗಾಲಿಗಾರ. ಅವರ 'ಅರ್' ನಮ್ಮ 'ಗಾರ', ಅವರ 'ಇನ್' ನಮ್ಮ 'ಗಾರ್ತಿ'.

"ಗಾಲಿಗಾರ್ತಿ," ಅಂದು ನೋಡಿದಳು ಪದ್ಮಶ್ರೀ.

ಅಕ್ಕಿ ಆರಿಸುತ್ತಿದ್ದ ಪುಟ್ಟಬಸಮ್ಮ ತಲೆ ಎತ್ತಿದಳು. "ಮಾಟಗಾತಿ ಅಂದಂಗದ." ಆಮೇಲೆ ಮೊರ ಕೊಡವುತ್ತಾ, "ಅಂಗೇ ಇರ್ಲಿ. ಸ್ವಲ್ಪ ಎದ್ರಕಂಡಾದ್ರೂ ದಾರಿ ಬುಡ್ತರ," ಅಂದಳು.

ದಿವ್ಯ ಎರಡನೇ ಸಲಕ್ಕೆ ಪರೀಕ್ಷೆ ಪಾಸಾಗಿ ಜರ್ಮನಿಗೆ ಹೋದಳು. ಪದ್ಮಶ್ರೀ ಮೇಘಳ ಕ್ಲಾಸಿನಲ್ಲಿ ಉಳಿದಳು, ಈಗ ಬದಿಯಲ್ಲಿ ಅಲ್ಲ, ಫೋನಿನ ಎದುರಿಗೆ.

ಹಾಗಿರುವಾಗ ತಿಗನಾರೆಯಿಂದ ಬಿಳಿಗಿರಿ ಬಂದ. ತೆಂಗಿನ ಮರದಿಂದ ಬಿದ್ದು ಗಾಲಿಕುರ್ಚಿಗೆ ಬಂದವನು, ಇವಳಿಗಿಂತ ನಾಲ್ಕಾರು ವರ್ಷ ದೊಡ್ಡವನು, ಭಾರಿ ಮಾತುಗಾರ. ಸುದ್ದಿ ಕೇಳಿ ಅಣ್ಣನ ಪಿಕಪ್ಪಿನಲ್ಲಿ ಊರ ಬಾಗಿಲ ತನಕ ಬಂದು, ಅಲ್ಲಿಂದ ತಾನೇ ಗಾಲಿ ತಿರುಗಿಸಿಕೊಂಡು ಜಗಲಿಗೆ ಮುಟ್ಟಿದ್ದ. ಪದದ ವಿಷಯವನ್ನೆಲ್ಲ ಕೇಳಿಸಿಕೊಂಡು, "ಸರಿ, ಇಬ್ರು ಇದ್ರ ಏನಂತರ?" ಅಂದ.

ಪದ್ಮಶ್ರೀ ಹೇಳಿದಳು. ಗಂಡಸರು ಎಷ್ಟು ಜನ ಇದ್ದರೂ ಪದ ಬದಲಾಗದು, ಅದೇ ರೊಲ್‌ಶ್ಟೂಲ್‌ಫಾರರ್. ಪದಕ್ಕಿಂತ ಮೊದಲು ಬರುವ 'ಡೇರ್' ಹೋಗಿ 'ಡೀ' ಆಗುತ್ತದೆ ಅಷ್ಟೆ. ಬರೀ ಹೆಂಗಸರಾದರೆ 'ಇನ್ನನ್' ಸೇರಿ ಪದ ಉದ್ದವಾಗುತ್ತದೆ.

"ಒಂದ್ ಗಂಡು ಒಂದ್ ಎಣ್ಣು?"

"ಗಂಡುಸ್ರುದೇ ಅಂತ. ನೂರ್ ಎಂಗಸ್ರ ಮಧ್ಯ ನೀ ಒಬ್ಬ ಬಂದ್ರೂ ನಿಂದೇ ಅಂತ."

"ನ್ಯಾಯವಾಗೇ ಅದಲ್ಲ," ಅಂದ ಬಿಳಿಗಿರಿ ಮೀಸೆ ತಿರುವಿ.

"ಯಾವ್ ಸೀಮೆ ನ್ಯಾಯ! ಮೇಘ ಮೇಡಂ ಹತ್ರ ಜಗ್ಳ ಆಡ್ದಿ ನಾನು. ಅಲ್ಲೂ ಎಂಗಸ್ರು ಆಡ್ತಾವರಂತ. ಈಗ ಕೆಲವ್ರು ಎರಡ್ನೂ ಸೇರ್ಸಿ ಏಳ್ತರ, ಇನ್ ಕೆಲವ್ರು ಬ್ಯಾರೆ ಪದನೇ ಮಾಡವ್ರ. ನಮ್ ಮಾತ್ಲಿ ಈ ರಗಳೆನೇ ಇಲ್ಲ. ಗಾಲಿಗಾರರು ಅಂದ್ರ ಮುಗೀತು."

ಆ ಮಧ್ಯಾಹ್ನ ಇಬ್ಬರೂ ತಾಳವಾಡಿಯ ರಸ್ತೆಗಿಳಿದರು. ಅಕ್ಕಪಕ್ಕದಲ್ಲಿ ಮಾತಾಡುತ್ತಾ ಹೊರಟಾಗ ರಸ್ತೆಯ ಅರ್ಧ ಅವರದೇ ಆಯಿತು. ಹಿಂದಿನಿಂದ ಕೋಸು ತುಂಬಿದ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಓರಮಾ ಪೋಮ್ಮಾ! ತಳ್ಳಿಟ್ಟು ಪೋಗ ಆಳ್ ಇಲ್ಲಿಯಾ?" ಎಂದು ತಮಿಳಿನಲ್ಲಿ ಕೂಗಿದ. ಬದಿಗೆ ಹೋಗು, ತಳ್ಳಿಕೊಂಡು ಹೋಗಲು ಯಾರೂ ಇಲ್ಲವೇ ಎಂದು.

ಬಿಳಿಗಿರಿ ಗಲಿಬಿಲಿಯಾಗಿ ಬದಿಗೆ ಸರಿಯಲು ಗಾಲಿಗೆ ಕೈ ಹಾಕಿದ. ಬದಿಯೆಂದರೆ ಜಲ್ಲಿ, ಅದರಾಚೆ ಚರಂಡಿ.

"ಸುಮ್ನಿರು ಬಿಳಿಗಿರಣ್ಣ," ಅಂದಳು ಪದ್ಮಶ್ರೀ. ಬ್ರೇಕು ಒತ್ತಿ, ಕುರ್ಚಿಯನ್ನು ಅಲ್ಲೇ ನಿಲ್ಲಿಸಿ, ಲಾರಿಯ ಕಡೆಗೆ ತಿರುಗಿದಳು. "ಆಳ್ ಇಲ್ಲ ಕಣಪ್ಪ, ನಾವೇ ಡ್ರೈವರ್ರು. ಮುಂದ ಟಾರು ಚೆಂದಾಗದ, ಅಲ್ಲಿ ದಾರಿ ಕೊಡ್ತಿವಿ. ಅಲ್ಲಿಗಂಟ ಗೇರ್ ಇಳಿಸ್ಕಂಡು ನಮ್ ಇಂದೆ ಬಾ."

ಡ್ರೈವರು ತಲೆ ಒಳಗೆಳೆದುಕೊಂಡು ಗೇರ್ ಇಳಿಸಿದ. ಪದ್ಮಶ್ರೀ ಬ್ರೇಕು ಬಿಟ್ಟು ಎರಡೂ ಗಾಲಿಗೆ ಕೈ ಕೊಟ್ಟಳು.